ಸಂಗೀತ ಪದವಿ: ಖರ್ಚೆಷ್ಟು, ಗಳಿಕೆಯೆಷ್ಟು? ಸೇರಿಸುವ ಮುನ್ನ ಒಂದು ಲೆಕ್ಕಾಚಾರ

ಭಾನುವಾರದ ಎರಡನೇ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದಾಗ ಒಬ್ಬ ತಾಯಿ ತಡೆದು ನಿಲ್ಲಿಸಿದರು. ಅವರ ಮಗ ನಮ್ಮ ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವ ಹುಡುಗ. ಪಿಯುಸಿ ಮುಗಿದಿದೆ, ಅಂಕಗಳೂ ಚೆನ್ನಾಗಿಯೇ ಬಂದಿವೆ. "ಸರ್, ಅವನು ಸಂಗೀತವನ್ನೇ ಓದುತ್ತೇನೆ ಅಂತ ಹಟ ಹಿಡಿದಿದ್ದಾನೆ. ಇವರು ಗಲ್ಫಿನಿಂದ ಫೋನ್ ಮಾಡಿ ಬಿ.ಕಾಂ. ಮಾಡಲಿ ಅನ್ನುತ್ತಾರೆ. ದೊಡ್ಡ ಊರಿನ ಒಂದು ಸಂಗೀತ ಶಾಲೆಯವರು ಮೂರು ವರ್ಷಕ್ಕೆ ಎಲ್ಲ ಸೇರಿ ಆರು ಲಕ್ಷ ಆಗುತ್ತದೆ ಎಂದಿದ್ದಾರೆ. ಸಾಲ ಮಾಡಿ ಕಳುಹಿಸಬಹುದಾ?"

ನಾನು ಆ ಕ್ಷಣಕ್ಕೆ ಹೌದು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಶುಭಸಂದೇಶದ ಸಾಮತಿ ನಮಗೆಲ್ಲ ಗೊತ್ತಿರುವಂಥದ್ದೇ. ಆದರೆ ಮಕ್ಕಳ ವಿದ್ಯಾಭ್ಯಾಸದ ವಿಷಯ ಬಂದಾಗ ನಾವು ಲೆಕ್ಕ ಹಾಕುವುದು ಕಡಿಮೆ. "ಸಂಗೀತದಲ್ಲಿ ಹೊಟ್ಟೆ ತುಂಬುತ್ತದಾ?" ಎಂದು ಒಂದೇ ಮಾತಿನಲ್ಲಿ ತಳ್ಳಿ ಹಾಕುತ್ತೇವೆ, ಇಲ್ಲವೇ ಮಗುವಿನ ಆಸೆಗೆ ಕಟ್ಟುಬಿದ್ದು ಮನೆ ಪತ್ರ ಅಡವಿಡುತ್ತೇವೆ. ಇವೆರಡರ ನಡುವೆ ದಾರಿ ಇದೆಯೇ ಎಂದು ನೋಡುವುದು ಈ ಲೇಖನದ ಉದ್ದೇಶ.

ಪದವಿ ಎಂದರೆ ಯಾವ ಪದವಿ?

ಮೊದಲು ಸ್ಪಷ್ಟ ಮಾಡಿಕೊಳ್ಳಬೇಕಾದ ಸಂಗತಿ ಇದು. 'ಸಂಗೀತ ಕಲಿತಿದ್ದೇನೆ' ಎಂದು ತೋರಿಸುವ ಕಾಗದಗಳು ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯವು.

ಒಂದನೆಯದು, ವಿಶ್ವವಿದ್ಯಾನಿಲಯದ ಪದವಿ. ನಮ್ಮ ರಾಜ್ಯದಲ್ಲಿ ಸಂಗೀತಕ್ಕೆಂದೇ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾನಿಲಯಗಳಲ್ಲೂ ಸಂಗೀತ ಓದಬಹುದು. ಆದರೆ ಇಲ್ಲಿ ಕಲಿಸುವುದು ಹೆಚ್ಚಾಗಿ ಹಿಂದುಸ್ತಾನಿ ಅಥವಾ ಕರ್ನಾಟಕ ಸಂಗೀತ. ಚರ್ಚಿನಲ್ಲಿ ಸ್ಟಾಫ್ ನೊಟೇಶನ್ ನೋಡಿ ನಾಲ್ಕು ಧ್ವನಿಗಳ ಹಾಡು ನುಡಿಸುವ ಹುಡುಗನಿಗೆ ಇದು ಬೇರೆಯೇ ಭಾಷೆ. ರಾಗ, ತಾಳಗಳನ್ನು ಆರಂಭದಿಂದ ಕಲಿಯಲು ಮನಸ್ಸಿದ್ದರೆ ಮಾತ್ರ ಈ ದಾರಿ.

ಎರಡನೆಯದು, ಪರೀಕ್ಷಾ ಮಂಡಳಿಗಳ ಪ್ರಮಾಣಪತ್ರ. ಪಾಶ್ಚಾತ್ಯ ಸಂಗೀತದಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜು ಮತ್ತು ಎಬಿಆರ್‌ಎಸ್‌ಎಂ ನಡೆಸುವ ಗ್ರೇಡ್ ಪರೀಕ್ಷೆಗಳು ನಮ್ಮ ಕರಾವಳಿಯಲ್ಲೂ ಚಿರಪರಿಚಿತ. ಎಂಟು ಗ್ರೇಡ್‌ಗಳ ಬಳಿಕ ಟ್ರಿನಿಟಿಯಲ್ಲಿ ಎಟಿಸಿಎಲ್, ಎಲ್‌ಟಿಸಿಎಲ್, ಎಫ್‌ಟಿಸಿಎಲ್ ಎಂಬ ಡಿಪ್ಲೊಮಾಗಳಿವೆ. ಎಟಿಸಿಎಲ್ ಪದವಿಯ ಮೊದಲ ವರ್ಷದ ಮಟ್ಟದ್ದು, ಎಲ್‌ಟಿಸಿಎಲ್ ಕೊನೆಯ ವರ್ಷದ ಮಟ್ಟದ್ದು ಎಂದು ಲೆಕ್ಕ. ಭಾರತೀಯ ಸಂಗೀತದಲ್ಲಿ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ, ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ, ಅಲಂಕಾರ ಪರೀಕ್ಷೆಗಳೂ ಇವೆ. ಮನೆಯಲ್ಲೇ ಇದ್ದು, ಬೇರೆ ಓದಿನ ಜತೆಯಲ್ಲೇ ಇವನ್ನು ಮಾಡಿಕೊಳ್ಳಬಹುದು.

ಮೂರನೆಯದು, ಖಾಸಗಿ ಸಂಗೀತ ಶಾಲೆಗಳ ಕೋರ್ಸು. ಎ.ಆರ್. ರೆಹಮಾನ್ ಅವರು 2008ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಈ ಸಾಲಿನಲ್ಲಿ ಹೆಸರುವಾಸಿ. ಇಂಥ ಶಾಲೆಗಳಲ್ಲಿ ಪಾಶ್ಚಾತ್ಯ ಸಂಗೀತ, ಧ್ವನಿಮುದ್ರಣ, ಸಂಗೀತ ಸಂಯೋಜನೆ ಎಲ್ಲವೂ ಇರುತ್ತವೆ. ಶುಲ್ಕ ಮಾತ್ರ ಲಕ್ಷಗಳ ಲೆಕ್ಕದಲ್ಲಿರುತ್ತದೆ.

ಈ ಮೂರರ ವ್ಯತ್ಯಾಸ ಏಕೆ ಮುಖ್ಯ? 1956ರ ಯುಜಿಸಿ ಕಾಯಿದೆಯ ಪ್ರಕಾರ 'ಪದವಿ' ಕೊಡುವ ಅಧಿಕಾರ ಇರುವುದು ಕಾನೂನಿನಡಿ ಸ್ಥಾಪನೆಯಾದ ಮತ್ತು ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯಗಳಿಗೆ ಮಾತ್ರ. ಖಾಸಗಿ ಶಾಲೆಯ ಡಿಪ್ಲೊಮಾ ಎಷ್ಟೇ ಒಳ್ಳೆಯದಿದ್ದರೂ ಪದವಿ ಕೇಳುವ ಸರಕಾರಿ ಹುದ್ದೆಗೆ ಅದು ನಡೆಯುವುದಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ: "ಕೊನೆಗೆ ಕೈಗೆ ಬರುವ ಕಾಗದದ ಮೇಲೆ ಯಾವ ವಿಶ್ವವಿದ್ಯಾನಿಲಯದ ಹೆಸರಿರುತ್ತದೆ?" ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

ಖರ್ಚಿನ ಬದಿ

ಸರಕಾರಿ ವಿಶ್ವವಿದ್ಯಾನಿಲಯದಲ್ಲಿ ಬೋಧನಾ ಶುಲ್ಕಕ್ಕಿಂತ ಊಟ, ವಸತಿ, ಓಡಾಟದ ಖರ್ಚೇ ಹೆಚ್ಚು. ಖಾಸಗಿ ಶಾಲೆಯಲ್ಲಿ ಎರಡೂ ಹೆಚ್ಚು. ಇದರ ಮೇಲೆ ವಾದ್ಯದ ಖರ್ಚು ಬೇರೆ. ಚರ್ಚಿನಲ್ಲಿರುವ 61 ಕೀಗಳ ಕೀಬೋರ್ಡ್ ಪಿಯಾನೊ ಅಭ್ಯಾಸಕ್ಕೆ ಸಾಲದು. 88 ಕೀಗಳ, ಪಿಯಾನೊದಂತೆ ತೂಕವಿರುವ ಕೀಗಳ ಡಿಜಿಟಲ್ ಪಿಯಾನೊ ಕೊಳ್ಳಲು ಅರ್ಧ ಲಕ್ಷ ರೂಪಾಯಿಯ ಆಸುಪಾಸು ತೆಗೆದಿಡಬೇಕಾಗುತ್ತದೆ. ಪಿಟೀಲು ಕಲಿಯುವವರಿಗೆ ತಂತಿ, ಬೋ, ರಿಪೇರಿ ಎಂದು ಪ್ರತಿ ವರ್ಷ ಖರ್ಚು ಇದ್ದೇ ಇದೆ.

ಇನ್ನು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. 4ರಿಂದ 7.5 ಲಕ್ಷದವರೆಗೆ ಮೂರನೆಯವರ ಜಾಮೀನು ಕೇಳಬಹುದು. ಅದಕ್ಕಿಂತ ಮೇಲೆ ಹೋದರೆ ಆಸ್ತಿಯ ಭದ್ರತೆ ಕೊಡಬೇಕು. ಓದಿನ ಅವಧಿ ಮತ್ತು ಆ ಬಳಿಕ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಹಲವರು ನಿರಾಳರಾಗುತ್ತಾರೆ. ಆದರೆ ಕಂತು ನಿಲ್ಲುತ್ತದೆಯೇ ಹೊರತು ಬಡ್ಡಿ ನಿಲ್ಲುವುದಿಲ್ಲ.

ಆ ತಾಯಿ ಹೇಳಿದ ಆರು ಲಕ್ಷವನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 2 ಲಕ್ಷದಂತೆ ಮೂರು ವರ್ಷ ಸಾಲ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಕಂತು ಆರಂಭವಾಗುವುದು ನಾಲ್ಕು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಮೊದಲ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 80 ಸಾವಿರ, ಎರಡನೆಯದಕ್ಕೆ ಮೂರು ವರ್ಷದ್ದು 60 ಸಾವಿರ, ಮೂರನೆಯದಕ್ಕೆ ಎರಡು ವರ್ಷದ್ದು 40 ಸಾವಿರ. ಸರಳ ಬಡ್ಡಿ ಹಿಡಿದರೂ ಒಟ್ಟು 1 ಲಕ್ಷ 80 ಸಾವಿರ. ಅಂದರೆ ಹುಡುಗ ಮೊದಲ ಕಂತು ಕಟ್ಟುವಾಗ ಬಾಕಿ ಇರುವುದು 7 ಲಕ್ಷ 80 ಸಾವಿರ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,300 ರೂಪಾಯಿ. ಕೊನೆಗೆ ಬ್ಯಾಂಕಿಗೆ ಹೋಗುವ ಒಟ್ಟು ಹಣ 12 ಲಕ್ಷ ಮೀರುತ್ತದೆ.

ಓದುವಾಗಲೇ ಪ್ರತಿ ತಿಂಗಳು ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ ಈ ಹೊರೆ ಇಳಿಯುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ಆದಾಯ ತೆರಿಗೆ ವಿನಾಯಿತಿಯೂ ಇದೆ.

ಗಳಿಕೆಯ ಬದಿ

ಸಂಗೀತ ಕಲಿತವರಿಗೆ ಸಂಬಳದ ಕೆಲಸ ಇಲ್ಲವೇ ಇಲ್ಲ ಎನ್ನುವುದು ಸರಿಯಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ವಿಭಾಗಕ್ಕೆ ಸಂಗೀತ ಶಿಕ್ಷಕರ ಹುದ್ದೆಯಿದೆ. ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ 35,400 ರೂಪಾಯಿ, ಭತ್ಯೆಗಳು ಬೇರೆ. ಇದಕ್ಕೆ ಸಂಗೀತದ ಪದವಿ ಬೇಕು, ದೇಶದ ಯಾವ ಮೂಲೆಗೆ ವರ್ಗವಾದರೂ ಹೋಗಲು ಸಿದ್ಧರಿರಬೇಕು. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಮತ್ತು ನೆಟ್‌ನಂಥ ಪರೀಕ್ಷೆಯ ಅರ್ಹತೆ ಬೇಕು. ಅಲ್ಲಿ ಯುಜಿಸಿ ವೇತನದ ಆರಂಭ 57,700 ರೂಪಾಯಿ. ಹುದ್ದೆಗಳು ಕಡಿಮೆ, ಸ್ಪರ್ಧಿಗಳು ಬಹಳ. ಆದರೆ ಈ ಎರಡು ಬಾಗಿಲು ತೆರೆಯುವುದು ವಿಶ್ವವಿದ್ಯಾನಿಲಯದ ಪದವಿಗೆ ಮಾತ್ರ ಎಂಬುದನ್ನು ನೆನಪಿಡಿ.

ಖಾಸಗಿ ಶಾಲೆಗಳೂ ಸಂಗೀತ ಶಿಕ್ಷಕರನ್ನು ನೇಮಿಸುತ್ತವೆ. ಅಲ್ಲಿ ಸಂಬಳ ಆಡಳಿತ ಮಂಡಳಿ ಇಟ್ಟಷ್ಟು. ಹಲವೆಡೆ ವಾರಕ್ಕೆ ಎರಡು ದಿನ ಬಂದು ಕಲಿಸಿ ಹೋಗುವ ಏರ್ಪಾಡು.

ಹೆಚ್ಚಿನವರ ಅನ್ನ ಮಾತ್ರ ಮನೆಪಾಠದಿಂದಲೇ. ಇದರ ಲೆಕ್ಕವನ್ನೂ ಮಾಡಿ ನೋಡೋಣ. ಮಕ್ಕಳು ಬಿಡುವಾಗುವುದು ಸಂಜೆ ನಾಲ್ಕರಿಂದ ಎಂಟರವರೆಗೆ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆಯಂತೆ ದಿನಕ್ಕೆ ಐದು ಮಂದಿ, ವಾರದ ಐದು ದಿನಕ್ಕೆ 25 ಮಂದಿ. ತಿಂಗಳಿಗೆ ತಲಾ 1,200 ರೂಪಾಯಿ ಎಂದಿಟ್ಟರೆ 30 ಸಾವಿರ. ಆದರೆ ಪರೀಕ್ಷೆ, ಬೇಸಗೆ ರಜೆ ಎಂದು ವರ್ಷದಲ್ಲಿ ಎರಡು ತಿಂಗಳು ಮಕ್ಕಳು ಬರುವುದಿಲ್ಲ. ಹತ್ತು ತಿಂಗಳ ಮೂರು ಲಕ್ಷವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಸಿಗುವುದು 25 ಸಾವಿರ. ಕೋಣೆ ಬಾಡಿಗೆ, ಕರೆಂಟು, ವಾದ್ಯದ ರಿಪೇರಿಗೆ ಐದು ಸಾವಿರ ಕಳೆಯಿರಿ. ಉಳಿದದ್ದು 20 ಸಾವಿರ. ಊರಿನ ದರಕ್ಕೆ ತಕ್ಕಂತೆ ಈ ಅಂಕಿಗಳನ್ನು ನೀವೇ ಬದಲಿಸಿಕೊಳ್ಳಬಹುದು. ಬದಲಾಗದ ಸಂಗತಿ ಏನೆಂದರೆ, ಸಂಜೆಯ ಗಂಟೆಗಳು ನಾಲ್ಕೇ. ಒಬ್ಬೊಬ್ಬರಿಗೇ ಕಲಿಸುವ ಶಿಕ್ಷಕನ ಗಳಿಕೆಗೆ ಅಲ್ಲೊಂದು ಮಿತಿ ಬೀಳುತ್ತದೆ. ಗುಂಪು ತರಗತಿ, ಬೆಳಗಿನ ಹೊತ್ತು ಶಾಲೆಯ ಕೆಲಸ, ವಯಸ್ಕರಿಗೆ ಪಾಠ ಇವುಗಳಿಂದಷ್ಟೇ ಆ ಮಿತಿ ದಾಟಲು ಸಾಧ್ಯ.

ಮದುವೆ ಮನೆಯ ಬ್ಯಾಂಡ್, ರೋಸ್ ಕಾರ್ಯಕ್ರಮ, ರಿಸೆಪ್ಶನ್ ಇವು ನಮ್ಮ ಯುವಕರಿಗೆ ಚೆನ್ನಾಗಿ ತಿಳಿದಿರುವ ದಾರಿ. ಒಂದೇ ರಾತ್ರಿಯಲ್ಲಿ ವಾರದ ಪಾಠದ ಹಣ ಬಂದೀತು. ಆದರೆ ತಪಸ್ಸುಕಾಲ, ಆಗಮನ ಕಾಲಗಳಲ್ಲಿ ನಮ್ಮ ಮದುವೆಗಳಿಲ್ಲ. ಜಡಿಮಳೆಯ ತಿಂಗಳುಗಳಲ್ಲೂ ಕಡಿಮೆ. ಜನವರಿಯ ಗಳಿಕೆಯಿಂದ ಮಾರ್ಚ್ ಕಳೆಯುವ ಶಿಸ್ತು ಇದ್ದವರಿಗೆ ಮಾತ್ರ ಇದು ಹೊಂದುತ್ತದೆ. ಪ್ರವಾಸಿ ಹಡಗುಗಳ ವಾದ್ಯಗಾರರಾಗಿ ಹೋಗುವವರೂ ಇದ್ದಾರೆ. ಅಲ್ಲಿ ಕೇಳುವುದು ಪದವಿಯನ್ನಲ್ಲ, ಎದುರಿಗಿಟ್ಟ ನೊಟೇಶನ್ ನೋಡಿದೊಡನೆ ನುಡಿಸುವ ಸಾಮರ್ಥ್ಯವನ್ನು. ಹಾಡು ಕಟ್ಟುವವರಿಗೆ 2012ರ ಹಕ್ಕುಸ್ವಾಮ್ಯ ಕಾಯಿದೆ ತಿದ್ದುಪಡಿಯಿಂದ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕು ಸಿಕ್ಕಿದೆ. ಐಪಿಆರ್‌ಎಸ್ ಎಂಬ ಸಂಸ್ಥೆಯಲ್ಲಿ ಸದಸ್ಯರಾಗಿ ಅದನ್ನು ಪಡೆಯಬಹುದು. ಆದರೆ ಅದನ್ನು ನಂಬಿ ಸಾಲದ ಕಂತು ಕಟ್ಟುವಂತಿಲ್ಲ.

ಎರಡೂ ಬದಿ ಸೇರಿಸಿ ನೋಡಿದಾಗ

ಆರು ಲಕ್ಷ ಸಾಲ ಮಾಡಿ ಓದಿದ ಹುಡುಗ ಊರಿಗೆ ಬಂದು ಪಾಠ ಹೇಳಿದರೆ, 20 ಸಾವಿರದಲ್ಲಿ 10,300 ಕಂತಿಗೆ ಹೋಗಿ ಕೈಯಲ್ಲಿ ಉಳಿಯುವುದು 9,700. ಅದೂ 25 ವಿದ್ಯಾರ್ಥಿಗಳು ಮೊದಲ ತಿಂಗಳಿಂದಲೇ ಬಂದರೆ. ವಾಸ್ತವದಲ್ಲಿ ಅಷ್ಟು ಮಂದಿ ಸೇರಲು ಎರಡು ಮೂರು ವರ್ಷ ಬೇಕು. ಈ ಅವಧಿಯಲ್ಲಿ ಕಂತು ಕಟ್ಟುವವರು ಯಾರು? ಗಲ್ಫಿನಲ್ಲಿರುವ ತಂದೆಯೇ. ಅವರ ಕೆಲಸ ಹೋದರೆ? ಈ ಪ್ರಶ್ನೆಯನ್ನು ಮನೆಯವರೆಲ್ಲ ಕುಳಿತು ಮಾತಾಡಲೇಬೇಕು.

ಅದೇ ಹುಡುಗ ಸಾಲವಿಲ್ಲದೆ ಸರಕಾರಿ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದರೆ 20 ಸಾವಿರ ಪೂರ್ತಿ ಕೈಯಲ್ಲಿ ಉಳಿಯುತ್ತದೆ. ಜತೆಗೆ ಮೇಲೆ ಹೇಳಿದ ಸರಕಾರಿ ಹುದ್ದೆಗಳಿಗೆ ಅರ್ಜಿ ಹಾಕಬಹುದು. ಅಂದರೆ ಕುಟುಂಬವನ್ನು ಕುಸಿಯುವಂತೆ ಮಾಡುವುದು ಸಂಗೀತವಲ್ಲ, ಸಾಲ. 'ಸಂಗೀತ ಬೇಡ' ಎನ್ನುವ ಬದಲು 'ಈ ಸಾಲ ಬೇಡ' ಎಂದರೆ ತಂದೆ ಮಗನ ಅರ್ಧ ಜಗಳ ಅಲ್ಲೇ ಮುಗಿದೀತು.

ಮೂರನೇ ದಾರಿ ತಂದೆ ಹೇಳಿದ್ದು. ಊರಲ್ಲೇ ಬಿ.ಕಾಂ., ಜತೆಗೆ ಎಂಟನೇ ಗ್ರೇಡ್ ಮತ್ತು ಎಟಿಸಿಎಲ್. ಬಳಿಕ 20 ಸಾವಿರದ ಒಂದು ಕೆಲಸ, ಶನಿವಾರ ಭಾನುವಾರ ಹತ್ತು ಮಕ್ಕಳಿಗೆ ಪಾಠ ಎಂದರೆ, ಅದೇ ದರದಲ್ಲಿ ಇನ್ನೂ ಹತ್ತು ಸಾವಿರ ಸೇರಿ ತಿಂಗಳಿಗೆ 30 ಸಾವಿರ. ಲೆಕ್ಕದಲ್ಲಿ ಗೆಲ್ಲುವುದು ಇದೇ. ಆದರೆ ಇದಕ್ಕೂ ಬೆಲೆಯಿದೆ. ದಿನಕ್ಕೆ ನಾಲ್ಕೈದು ಗಂಟೆ ಅಭ್ಯಾಸ ಮಾಡಬೇಕಾದ ವಯಸ್ಸಿನಲ್ಲಿ ಒಂದು ಗಂಟೆ ಸಿಗುವುದೂ ಕಷ್ಟ. ನಿಜವಾಗಿಯೂ ಅಸಾಧಾರಣ ಪ್ರತಿಭೆಯಿರುವ ಮಗು ಇಲ್ಲಿ ಸಾಧಾರಣವಾಗಿ ಉಳಿದುಬಿಡಬಹುದು. ಈ ನಷ್ಟವನ್ನು ರೂಪಾಯಿಯಲ್ಲಿ ಬರೆಯಲಾಗದು, ಆದರೆ ಲೆಕ್ಕಕ್ಕೆ ಸೇರಿಸಲೇಬೇಕು.

ಗೋವಾದ ವಾದ್ಯಗಾರರ ಪಾಠ

ನಮ್ಮ ನೆರೆಯ ಗೋವಾದ ಕತೆಯನ್ನು ಇಲ್ಲಿ ನೆನಪಿಸಿಕೊಳ್ಳುವುದು ಒಳಿತು. ಪೋರ್ಚುಗೀಸರ ಕಾಲದಲ್ಲಿ ಅಲ್ಲಿನ ಧರ್ಮಕೇಂದ್ರದ ಶಾಲೆಗಳಲ್ಲಿ ಮಕ್ಕಳಿಗೆ ಸೊಲ್ಫೆಜ್ ಮತ್ತು ಪಿಟೀಲು ಕಲಿಸುತ್ತಿದ್ದರು. ಆ ಶಾಲೆಗಳಲ್ಲಿ ಕಲಿತು ಮುಂಬಯಿಗೆ ಹೋದವರಿಗೆ ಹಿಂದಿ ಚಿತ್ರರಂಗದಲ್ಲಿ ಕೈತುಂಬ ಕೆಲಸ ಸಿಕ್ಕಿತು. ಏಕೆಂದರೆ ಹಾಡನ್ನು ದೊಡ್ಡ ವಾದ್ಯವೃಂದಕ್ಕೆ ನೊಟೇಶನ್‌ನಲ್ಲಿ ಬರೆದುಕೊಡಬಲ್ಲವರು ಅಲ್ಲಿ ವಿರಳ. ಸೆಬಾಸ್ಟಿಯನ್ ಡಿಸೋಜಾ ಅವರು ಶಂಕರ್ ಜೈಕಿಶನ್ ಮತ್ತು ಒ.ಪಿ. ನಯ್ಯರ್ ಅವರ ಹಾಡುಗಳಿಗೆ ವಾದ್ಯ ಸಂಯೋಜಿಸಿದವರು. ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಅವರ ಬಳಿ ಪಿಟೀಲು ಕಲಿತವರಲ್ಲಿ ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಒಬ್ಬರು. ಇವರ ಬದುಕು ನಡೆಸಿದ್ದು ಪದವಿಯಲ್ಲ, ಬೇರೆಯವರಲ್ಲಿ ಇಲ್ಲದ ವಿದ್ಯೆ.

ಕತೆಯ ಇನ್ನೊಂದು ಮಗ್ಗುಲೂ ಇದೆ. 1980, 90ರ ದಶಕಗಳಲ್ಲಿ ಸಿಂಥಸೈಜರ್ ಮತ್ತು ಕಂಪ್ಯೂಟರ್ ಬಂದಾಗ ದೊಡ್ಡ ವಾದ್ಯವೃಂದಗಳು ಕರಗಿದವು. ನೂರಾರು ಪಿಟೀಲುವಾದಕರ ಕೆಲಸ ಹೋಯಿತು. ಈಗ ಕಂಪ್ಯೂಟರೇ ರಾಗ ಹಾಕಿ ಹಾಡು ಕಟ್ಟುವ ಕಾಲ. ಧ್ವನಿಮುದ್ರಣ, ಜಿಂಗಲ್ ಇತ್ಯಾದಿಗಳನ್ನೇ ನಂಬಿ ಕೋರ್ಸಿಗೆ ಸೇರುವವರು ಇದನ್ನು ಗಮನದಲ್ಲಿಡಬೇಕು. ಮಗುವಿನ ಪಕ್ಕದಲ್ಲಿ ಕುಳಿತು ಬೆರಳು ತಿದ್ದುವ ಶಿಕ್ಷಕ, ಹತ್ತು ಮಂದಿಯ ಕ್ವಾಯರನ್ನು ಒಂದು ಧ್ವನಿಗೆ ತರುವ ನಿರ್ದೇಶಕ ಇವರ ಕೆಲಸವನ್ನು ಯಂತ್ರ ಅಷ್ಟು ಸುಲಭವಾಗಿ ಕಸಿಯಲಾರದು.

ಹೊರದೇಶದ ಓದು

ಬೋಸ್ಟನ್ನಿನ ಬರ್ಕ್ಲಿ ಕಾಲೇಜಿನ ಹೆಸರನ್ನು ಮಕ್ಕಳು ಹೇಳುವುದುಂಟು. ಅಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರಿನ ಆಸುಪಾಸು, ಅಂದರೆ 40 ಲಕ್ಷ ರೂಪಾಯಿಗೂ ಮಿಕ್ಕಿ. ದೊಡ್ಡ ವಿದ್ಯಾರ್ಥಿವೇತನ ಸಿಗದಿದ್ದರೆ ಮಧ್ಯಮ ವರ್ಗದ ಮನೆಗೆ ಅದು ಎಟುಕದು.

ಜರ್ಮನಿಯ ಸರಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯುರೋ ಶುಲ್ಕವಿದೆ. ಆದರೆ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವಾಗಿ ಹತ್ತು ಲಕ್ಷ ರೂಪಾಯಿಗೂ ಮೀರಿದ ಹಣ ಖಾತೆಯಲ್ಲಿ ತೋರಿಸಬೇಕು, ಜರ್ಮನ್ ಭಾಷೆ ಕಲಿಯಬೇಕು, ಕಠಿಣವಾದ ಪ್ರವೇಶ ಪರೀಕ್ಷೆಯಲ್ಲಿ ನುಡಿಸಿ ತೋರಿಸಬೇಕು. ನಮ್ಮ ಓದುಗರಿಗೆ ಆಸಕ್ತಿಯ ವಿಷಯವೆಂದರೆ, ಅಲ್ಲಿ ಚರ್ಚ್ ಸಂಗೀತವೇ ಒಂದು ಪದವಿ. 'ಬಿ' ಮತ್ತು 'ಎ' ಎಂಬ ಮಟ್ಟದ ಅರ್ಹತೆ ಪಡೆದವರನ್ನು ಧರ್ಮಸಭೆಯೇ ಸಂಬಳ ಕೊಟ್ಟು ನೇಮಿಸುತ್ತದೆ. ಅರೆಕಾಲಿಕರಿಗೆ 'ಸಿ' ಮಟ್ಟವಿದೆ. ಕ್ವಾಯರ್ ನಡೆಸುವುದು ಅಲ್ಲಿ ಬಿಡುವಿನ ವೇಳೆಯ ಸೇವೆ ಮಾತ್ರವಲ್ಲ, ಒಂದು ವೃತ್ತಿ.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಮಗು ಯಾರೂ ಹೇಳದೆ ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡುತ್ತದೆಯೇ? ಆರು ತಿಂಗಳು ಗಮನಿಸಿ. ವೇದಿಕೆಯ ಆಸೆ ಬೇರೆ, ಅಭ್ಯಾಸದ ಆಸೆ ಬೇರೆ.

2. ನಿಮ್ಮ ಪರಿಚಯದವರಲ್ಲದ ಒಬ್ಬ ಹಿರಿಯ ಸಂಗೀತ ಶಿಕ್ಷಕರಿಂದ ಮಗುವಿನ ಮಟ್ಟವನ್ನು ಪರೀಕ್ಷಿಸಿದ್ದೀರಾ? ಧರ್ಮಕೇಂದ್ರದ ಚಪ್ಪಾಳೆ ಪ್ರೀತಿಯದು, ಅಳತೆಗೋಲಲ್ಲ.

3. ಆ ಶಾಲೆಯಲ್ಲಿ ಐದು ವರ್ಷದ ಹಿಂದೆ ಓದಿದ ಮೂವರೊಡನೆ ಮಾತಾಡಿದ್ದೀರಾ? ಜಾಹೀರಾತಿನಲ್ಲಿರುವವರೊಡನೆ ಅಲ್ಲ, ಇಲ್ಲದವರೊಡನೆ.

4. ಕಂತು ಆರಂಭವಾದ ಮೇಲೆ ಎರಡು ವರ್ಷ ಮಗುವಿಗೆ ಗಳಿಕೆಯೇ ಇಲ್ಲದಿದ್ದರೆ ಮನೆ ನಡೆಯುತ್ತದೆಯೇ?

5. ವಿದ್ಯಾರ್ಥಿವೇತನ ಹುಡುಕಿದ್ದೀರಾ? ಭಾರತೀಯ ಶಾಸ್ತ್ರೀಯ ಸಂಗೀತದಲ್ಲಿ ಮುಂದುವರಿಯುವ 18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವಿದೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಸಿಗುತ್ತದೆ.

ಧರ್ಮಕೇಂದ್ರಗಳಿಗೆ ಒಂದು ಮಾತು

ಈ ಲೆಕ್ಕದಲ್ಲಿ ನಮ್ಮ ಪಾಲೂ ಇದೆ. ವಾರ್ಷಿಕ ಹಬ್ಬಕ್ಕೆ ಲೈಟಿಂಗ್, ಶಾಮಿಯಾನಕ್ಕೆ ಖರ್ಚು ಮಾಡುವ ನಾವು ವರ್ಷವಿಡೀ ಕ್ವಾಯರ್ ನಡೆಸುವವರಿಗೆ ಕ್ರಿಸ್ಮಸ್ ದಿನ ಒಂದು ಕೇಕ್ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಸೇವೆಯಾಗಿ ಮಾಡುವವರ ಸೇವೆ ದೊಡ್ಡದೇ. ಆದರೆ ಅದನ್ನೇ ಕಲಿತು ಬದುಕಬೇಕಾದವರಿಂದಲೂ ಪುಕ್ಕಟೆ ಕೆಲಸ ನಿರೀಕ್ಷಿಸುವುದು ನ್ಯಾಯವೇ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 231ನೇ ವಿಧಿ, ಧರ್ಮಸಭೆಯ ವಿಶೇಷ ಸೇವೆಗೆ ತಮ್ಮನ್ನು ತೊಡಗಿಸಿಕೊಂಡ ಶ್ರೀಸಾಮಾನ್ಯರಿಗೆ ಯೋಗ್ಯ ಸಂಭಾವನೆಯ ಹಕ್ಕನ್ನು ಕೊಟ್ಟಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1963ರ ಆರಾಧನಾ ವಿಧಿಯ ದಸ್ತಾವೇಜಿನಲ್ಲಿ ಸಂಗೀತದ ತರಬೇತಿಗೆ ಮಹತ್ವ ನೀಡಿದೆ.

ಒಂದೇ ಧರ್ಮಕೇಂದ್ರಕ್ಕೆ ಪೂರ್ತಿ ಸಂಬಳ ಕೊಡುವುದು ಕಷ್ಟವಿರಬಹುದು. ಆದರೆ ಅಕ್ಕಪಕ್ಕದ ನಾಲ್ಕು ಧರ್ಮಕೇಂದ್ರಗಳು ಸೇರಿ ತಲಾ ಮೂರು ಸಾವಿರ ಕೊಟ್ಟರೆ ಒಬ್ಬ ತರಬೇತಾದ ಸಂಗೀತ ಶಿಕ್ಷಕನಿಗೆ ತಿಂಗಳಿಗೆ 12 ಸಾವಿರ ಖಾತ್ರಿ. ನಮ್ಮ ಶಾಲೆಯ ಒಂದು ಕೋಣೆಯನ್ನು ಸಂಜೆ ಪಾಠಕ್ಕೆ ಬಿಟ್ಟುಕೊಟ್ಟರೆ ಅವನ ಬಾಡಿಗೆಯೂ ಉಳಿಯುತ್ತದೆ. ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ, ಚಿತ್ರವೇ ಬದಲಾಗುತ್ತದೆ. ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಈ ವಿಷಯ ಪ್ರಸ್ತಾಪವಾಗಲಿ.

ಆ ತಾಯಿಗೆ ಮರುವಾರ ಈ ಲೆಕ್ಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆರು ಲಕ್ಷದ ಸಾಲ ಬೇಡ, ಆದರೆ ಹುಡುಗನ ಆಸೆಯನ್ನು ಮುರಿಯಬೇಡಿ ಎಂದೆ. ಒಂದು ವರ್ಷ ಊರಲ್ಲೇ ಬಿ.ಕಾಂ. ಓದುತ್ತಾ ಎಂಟನೇ ಗ್ರೇಡ್ ಮುಗಿಸಲಿ, ದಿನಾ ಅಭ್ಯಾಸ ಮಾಡುತ್ತಾನೋ ನೋಡಿ, ಆಮೇಲೆ ಮತ್ತೆ ಕುಳಿತು ಮಾತಾಡೋಣ ಎಂದು ಹೇಳಿದೆ. ಹುಡುಗ ಹಾಳೆಯನ್ನು ಎರಡು ಸಲ ಓದಿದ. "ಇಷ್ಟು ದಿನ ಎಲ್ಲರೂ ಬೇಡ ಅಂತ ಮಾತ್ರ ಹೇಳುತ್ತಿದ್ದರು ಸರ್, ಯಾಕೆ ಅಂತ ಯಾರೂ ಹೇಳಿರಲಿಲ್ಲ" ಎಂದ. ಬೇಡ ಎನ್ನುವುದಾದರೂ ಸರಿ, ಬೇಕು ಎನ್ನುವುದಾದರೂ ಸರಿ, ನಮ್ಮ ಮಕ್ಕಳಿಗೆ 'ಯಾಕೆ' ಎಂಬುದನ್ನು ಹೇಳುವಷ್ಟು ಸಮಯ ನಾವು ಕೊಡೋಣ.